ಬೇಟೆಗೆ ಹೊರಟವನ ಕೈ

ಖಾಕಿ ಅಂಗಿಯ ಕುತ್ತಿಗೆಯ ಗುಂಡಿಯನ್ನು ಕಿತ್ತು, ಅದು ಇದ್ದ ಜಾಗದಲ್ಲಿ ಟಿಚ್ ಬಟನ್ ಇಟ್ಟು ಮಾರ್ಟಿನಾ ಸೂಜಿ ಚುಚ್ಚುತ್ತಿರುವಾಗ ಕುಕ್ಕರ್ ಕೂಗಿತು. ಎದ್ದು ಹೋಗಿ ಉರಿ ತಗ್ಗಿಸಿ ಬಂದು ಮತ್ತೆ ಕೂತಳು. ಕಿತ್ತ ಗುಂಡಿಯನ್ನು ಎಸೆಯುವಂತಿರಲಿಲ್ಲ. ಅದನ್ನು ಅದು ತೂರುತ್ತಿದ್ದ ಕಾಜದ ಮೇಲೆಯೇ ಹೊಲಿದುಬಿಡಬೇಕು. ಹೊರಗಿನಿಂದ ನೋಡುವವರಿಗೆ ಅಂಗಿ ಅಂಗಿಯಂತೆಯೇ ಕಾಣಬೇಕು. ಒಳಗೆ ಮಾತ್ರ ಟಿಚ್ ಬಟನ್. ಹೆಬ್ಬೆರಳಿನಿಂದ ಒತ್ತಿದರೆ ಸಾಕು, ಟಿಕ್ಕೆಂದು ಕೂರುತ್ತದೆ.

ಗಂಡ ಲಿಯೊನೆಲ್‌ನ ಆಫೀಸಿನ ಅಂಗಿಗಳಿಗೆಲ್ಲ ಅವಳು ಹೀಗೆ ಮಾಡಿ ಮುಗಿಸಿದ್ದಳು. ಮಾಡು ಎಂದು ಅವನು ಹೇಳಿದವನಲ್ಲ, ಮಾಡಿದೆ ಎಂದು ಅವಳೂ ಹೇಳಿದವಳಲ್ಲ. ಹೋದ ವರ್ಷ ಒಂದು ಬೆಳಿಗ್ಗೆ ಅವನು ಕನ್ನಡಿಯ ಮುಂದೆ ನಿಂತು ಕುತ್ತಿಗೆಯ ಗುಂಡಿಯೊಡನೆ ಗುದ್ದಾಡಿ, ಕೊನೆಗೆ ಅಂಗಿಯನ್ನು ಮಂಚದ ಮೇಲೆ ಬಿಸಾಕಿ, ಟೀ ಶರ್ಟ್ ತೊಟ್ಟು ಕೆಲಸಕ್ಕೆ ಹೋಗಿದ್ದ. ಅವತ್ತೇ ಅವಳು ಸೂಜಿ ಹಿಡಿದು ಕೂತಳು. ಮರುದಿನ ಅವನು ಅದೇ ಅಂಗಿ ತೊಟ್ಟ. ಟಿಕ್ ಎಂಬ ಸದ್ದು ಕೇಳಿದಾಗ ಕನ್ನಡಿಯೊಳಗಿಂದಲೇ ಅವಳನ್ನೊಮ್ಮೆ ನೋಡಿದ. ಆ ವಿಷಯದಲ್ಲಿ ಗಂಡ ಹೆಂಡತಿಯ ನಡುವೆ ನಡೆದ ಮಾತುಕತೆ ಅಷ್ಟೇ.

ಆಮೇಲೆ ಬ್ಲೇಡು ಹೋಗಿ ಕರೆಂಟಿನ ಶೇವರ್ ಬಂತು. ಕಪ್-ಸಾಸರುಗಳು ಕಪಾಟಿನ ಮೇಲಿನ ಅಂತಸ್ತಿಗೆ ಏರಿ, ದಪ್ಪ ಹಿಡಿಕೆಯ ಮಗ್ಗುಗಳು ಕೆಳಗಿಳಿದವು. ಅವನ ಮಗ್ಗಿಗೆ ಅವಳು ಅರ್ಧದಷ್ಟೇ ಚಹಾ ಹಾಕುತ್ತಾಳೆ. ಕುಡಿದಾದ ಮೇಲೆ ಅವನು ಕೇಳುವ ಮೊದಲೇ ಇನ್ನರ್ಧ ಹಾಕುತ್ತಾಳೆ. ಡಾಕ್ಟರ ಮಾತು ಒಂದೇ ಒಂದು ಸಲ ಎತ್ತಿದ್ದಳು. "ಎಸಿ ಜಾಸ್ತಿಯಾಗಿ ನರ ಹಿಡ್ಕೊಂಡಿದೆ, ಅದಕ್ಕೆಂತ ಡಾಕ್ಟರು," ಎಂದು ಅವನು ಬಲಗೈಯನ್ನು ಪ್ಯಾಂಟಿನ ಕಿಸೆಗೆ ಇಳಿಸಿದ್ದ. ಅವಳೂ ಅಲ್ಲಿಗೆ ಬಿಟ್ಟಳು. ಬಿಟ್ಟದ್ದು ಅವನ ಮೇಲಿನ ಪ್ರೀತಿಯಿಂದಲೋ, ಡಾಕ್ಟರು ಹೇಳಬಹುದಾದ ಹೆಸರಿನ ಭಯದಿಂದಲೋ ಎಂದು ಅವಳು ತನ್ನನ್ನೇ ಕೇಳಿಕೊಂಡಿರಲಿಲ್ಲ.

ಈಗ ಈ ಕೈ ಚಿರತೆಯ ಬೇಟೆಗೆ ಹೊರಟಿತ್ತು.

ಲಿಯೊನೆಲ್‌ಗೆ ಕೋವಿ ಹೊಸದಲ್ಲ. ಶಿರ್ವದಲ್ಲಿ ಅವನಪ್ಪ ಗದ್ದೆಗೆ ಬರುವ ಹಂದಿ ಓಡಿಸಲು ಇಟ್ಟುಕೊಂಡಿದ್ದ ತೋಟೆಕೋವಿಯಿಂದಲೇ ಅವನು ಗುರಿ ಕಲಿತದ್ದು. ಅಬುಧಾಬಿಗೆ ಬಂದ ಮೇಲೆ ಶೂಟಿಂಗ್ ಕ್ಲಬ್ಬಿನಲ್ಲಿ ಗೆದ್ದ ಟ್ರೋಫಿಗಳು ಮನೆಯ ಹಾಲಿನ ಶೋಕೇಸಿನಲ್ಲಿವೆ. ಈಚೆಗೆ ಕ್ಲಬ್ಬಿಗೆ ಹೋಗುವುದನ್ನು ನಿಲ್ಲಿಸಿದ್ದ. ಆದರೆ ಗೆಳೆಯ ವಿಲ್ಸನ್‌ನ ಮದುವೆಯ ಬೆಳ್ಳಿಹಬ್ಬದ ಪಾರ್ಟಿಯಲ್ಲಿ, ಊರಿನವರೆಲ್ಲ ಸೇರಿದ್ದಲ್ಲಿ, ಯಾರೋ ಅದನ್ನೇ ಕೆಣಕಿದರು. "ನಮ್ಮ ಲಿಯೊನೆಲಿಗೆ ಈಗ ಗುರಿ ಇರುವುದು ಬಿರಿಯಾನಿಯ ಮೇಲೆ ಮಾತ್ರ." ನಗೆಯೆದ್ದಿತು. ಲಿಯೊನೆಲ್ ಎದ್ದು ನಿಂತು, ಅರವತ್ತಾಗುವ ಮೊದಲು ಆಫ್ರಿಕಾದಲ್ಲಿ ಒಂದು ಚಿರತೆ ಹೊಡೆಯುತ್ತೇನೆ ಎಂದುಬಿಟ್ಟ. ಕೈ ಕಿಸೆಯೊಳಗೇ ಇತ್ತು. ಅದನ್ನು ನೋಡಿದ್ದು ಮಾರ್ಟಿನಾ ಒಬ್ಬಳೇ.

ಹೇಳಿದ ಮೇಲೆ ಹಿಂದೆ ಬರುವವನಲ್ಲ ಅವನು. ಅವನಿಗೆ ಮುಸಫ್ಫಾದ ಒಂದು ಕಂಪನಿಯಲ್ಲಿ ಪರ್ಚೇಸ್ ಮ್ಯಾನೇಜರ್ ಕೆಲಸ. ಮೂರು ಕೊಟೇಶನ್ ತರಿಸದೆ ಪೆನ್ಸಿಲ್ ಕೂಡ ಕೊಳ್ಳದ ಮನುಷ್ಯ, ಚಿರತೆಗೂ ಬೇಟೆ ಮಾಡಿಸುವ ಮೂವರಿಂದ ಕೊಟೇಶನ್ ತರಿಸಿದ. ಒಬ್ಬನ ಹೆಸರನ್ನು ಅವನೇ ಪಟ್ಟಿಯಿಂದ ಹೊಡೆದು ಹಾಕಿದ. ಉಳಿದಿಬ್ಬರೂ ಈ ಸೆಪ್ಟೆಂಬರಿನಲ್ಲಿ ಅಬುಧಾಬಿಯ ಬೇಟೆ ಪ್ರದರ್ಶನಕ್ಕೆ ಮಳಿಗೆ ಹಾಕಲು ಬಂದಿದ್ದರು. ಗಿಡುಗ ಮಾರುವವರ ಸಾಲು ದಾಟಿ ಮಾರ್ಟಿನಾಳೂ ಗಂಡನ ಜೊತೆ ಹೋಗಿ ಇಬ್ಬರನ್ನೂ ನೋಡಿ ಬಂದಿದ್ದಳು.

ಮೊದಲನೆಯವನು ತಲೆಗೆ ಜೆಲ್ ಹಚ್ಚಿದ ಹುಡುಗ. ಲ್ಯಾಪ್‌ಟಾಪಿನಲ್ಲಿ ಒಂದರ ಹಿಂದೊಂದು ಫೋಟೊ ತೋರಿಸಿದ. ಸತ್ತ ಚಿರತೆ, ನಗುವ ಗಿರಾಕಿ. "ನಮ್ಮಲ್ಲಿ ಚಿರತೆ ಗ್ಯಾರಂಟಿ ಸರ್," ಎಂದ. ಲಿಯೊನೆಲ್‌ನ ಹತ್ತಿರ ಅವನು ಕೇಳಿದ ಒಂದೇ ಪ್ರಶ್ನೆ, ಟೋಪಿಯ ಸೈಜು.

ಎರಡನೆಯವನು ನಮೀಬಿಯಾದ ಕೋಬಸ್. ವಯಸ್ಸಾದ ಬಿಳಿಯ. ಎಡ ಮುಂಗೈಯ ಮೇಲೆ ಚರ್ಮವನ್ನು ಯಾರೋ ಹರಿದು ಅವಸರದಲ್ಲಿ ಹೊಲಿದ ಹಾಗೆ ಗೆರೆಗಳು. ಅವನು ಫೋಟೊ ತೋರಿಸಲಿಲ್ಲ. "ನಿಮ್ಮ ಮನೆಯಲ್ಲಿ ನನಗೊಂದು ಊಟ ಹಾಕಿ. ಆಮೇಲೆ ನಿಮ್ಮನ್ನು ಕರೆದುಕೊಂಡು ಹೋಗುತ್ತೇನೋ ಇಲ್ಲವೋ ಹೇಳುತ್ತೇನೆ," ಎಂದ.

"ಅಲ್ಲ ಮಾರಾಯ್ತಿ, ನಾವು ಅವನನ್ನು ಆರಿಸುವುದಾ, ಅವನು ನಮ್ಮನ್ನು ಆರಿಸುವುದಾ?" ಎಂದು ಲಿಯೊನೆಲ್ ಕಾರಿನಲ್ಲಿ ಗೊಣಗಿದ್ದ. ಆದರೂ ಊಟಕ್ಕೆ ಕರೆದ. ಕೋಬಸ್ ಬೇಡವೆಂದರೆ ಗ್ಯಾರಂಟಿಯವನಂತೂ ಇದ್ದೇ ಇದ್ದಾನೆ ಎಂಬ ಧೈರ್ಯ.

ಆ ಊಟ ಇವತ್ತು. ಶುಕ್ರವಾರ, ರಜೆಯ ದಿನ, ಬೆಳಗಿನ ಪೂಜೆ ಮುಗಿಸಿ ಚರ್ಚಿನಿಂದ ಬಂದಾಗಿತ್ತು. ಮಾರ್ಟಿನಾ ಕೊನೆಯ ನೂಲನ್ನು ಹಲ್ಲಿನಿಂದ ಕಡಿದು, ಖಾಕಿ ಅಂಗಿಯನ್ನು ಮಡಚಿಟ್ಟಳು. ಬಾಗಿಲ ಗಂಟೆ ಬಡಿಯಿತು.

ಕೋಬಸ್‌ನ ಬೆನ್ನಿಗೇ ವಿಲ್ಸನ್ ಕೂಡ ಬಂದ. ಖಲೀಫಾ ಸಿಟಿಯಲ್ಲಿ ಇವರಿದ್ದ ವಿಲ್ಲಾದ ಕೆಳಗಿನ ಭಾಗದಲ್ಲೇ ಅವನ ಬಾಡಿಗೆ ಮನೆ. ಪೋರ್ಕ್ ಬಫಾತಿನ ಪರಿಮಳಕ್ಕೆ ಅವನಿಗೆ ಕರೆಯೋಲೆ ಬೇಕಾಗಿರಲಿಲ್ಲ.

"ಬಾಯೇ, ಚಿರತೆಗೆ ವಿಷಯ ಗೊತ್ತುಂಟಾ? ಪಾಪ, ಅದು ಮನೆಯವರಿಗೆಲ್ಲ ಹೇಳಿ ಬರ್ಬೇಕಲ್ಲ," ಎಂದ ಮಾರ್ಟಿನಾಳಿಗೆ, ಕೂರುತ್ತಲೇ.

"ನೀವು ಸುಮ್ನೆ ಊಟ ಮಾಡಿ ವಿಲ್ಸನ್‌ಬಾಬ್," ಎಂದು ಅವಳು ಇಡ್ಲಿಯಂಥ ಸಾನ್ನಾ ಬಡಿಸಿದಳು.

ಲಿಯೊನೆಲ್ ಚೆನ್ನಾಗಿಯೇ ಊಟ ಮಾಡಿದ. ಕೈಯಲ್ಲಿ ಕಲಸಿ ತಿನ್ನುವಾಗ ನಡುಕ ಅಷ್ಟು ಕಾಣುವುದಿಲ್ಲ. ನೀರಿನ ಗ್ಲಾಸಿಗೆ ಎಡಗೈ ಹಾಕುತ್ತಿದ್ದ. ಮಾರ್ಟಿನಾ ಆ ಗ್ಲಾಸನ್ನು ಮೊದಲೇ ಎಡಗಡೆಗೆ ಇಟ್ಟಿದ್ದಳು.

ಕೋಬಸ್ ತಿನ್ನುತ್ತ ತನ್ನ ಕೆಲಸದ ರೀತಿಯನ್ನು ಇಂಗ್ಲಿಷಿನಲ್ಲಿ ನಿಧಾನವಾಗಿ ವಿವರಿಸಿದ. ಮರಕ್ಕೆ ಮಾಂಸ ಕಟ್ಟುವುದು. ಚಿರತೆ ಬಂದು ತಿಂದ ಗುರುತು ಸಿಕ್ಕಿದರೆ ದೂರದಲ್ಲಿ ಹುಲ್ಲಿನ ಮರೆ ಕಟ್ಟಿ ಸಂಜೆ ಕಾಯುವುದು. ಕೆಮ್ಮುವ ಹಾಗಿಲ್ಲ, ಕಾಲು ಬದಲಿಸುವ ಹಾಗಿಲ್ಲ. ಬೆಳಕು ಸಾಯುವ ಹೊತ್ತಿಗೆ ಅದು ಬರುತ್ತದೆ.

"ಕೋವಿಯನ್ನು ಕವೆಗೋಲಿನ ಮೇಲೆ ಇಡುತ್ತೇವೆ. ಆದರೆ ಕೋವಿಯ ಕುದುರೆ ಎಳೆಯುವ ಬೆರಳಿಗೆ ಕವೆಗೋಲಿಲ್ಲ," ಎಂದ.

"ತಪ್ಪಿದರೆ?" ವಿಲ್ಸನ್ ಕೇಳಿದ.

"ಪೂರ್ತಿ ತಪ್ಪಿದರೆ ಒಳ್ಳೆಯದೇ. ಅದು ಓಡಿಹೋಗುತ್ತದೆ, ನಾವು ಮನೆಗೆ ಹೋಗಿ ಉಣ್ಣುತ್ತೇವೆ. ಅರ್ಧ ತಪ್ಪಿದರೆ ಕಷ್ಟ. ಹೊಟ್ಟೆಗೆ ಗುಂಡು ತಾಗಿದ ಚಿರತೆ ಪೊದೆಯೊಳಗೆ ಹೋಗಿ ಸದ್ದಿಲ್ಲದೆ ಮಲಗುತ್ತದೆ. ಹುಡುಕಿಕೊಂಡು ಬರುವವರಿಗಾಗಿ ಕಾಯುತ್ತದೆ. ಅದನ್ನು ಹಾಗೇ ಬಿಟ್ಟು ಬರುವಂತಿಲ್ಲ. ಹೋಗಲೇಬೇಕು."

"ಹೋಗುವ," ಎಂದ ಲಿಯೊನೆಲ್. "ನಾನೂ ಬರ್ತೇನೆ."

"ಇಲ್ಲ ಸರ್. ಗುಂಡು ಹಾರಿಸಿದವರು ಗಾಡಿಯಲ್ಲಿ ಕೂತಿರಬೇಕು. ಹೆಜ್ಜೆಗುರುತು ನೋಡುವ ನಮ್ಮ ಪೇತ್ರುಸ್ ಮುಂದೆ ಹೋಗುತ್ತಾನೆ. ಅವನ ಕಣ್ಣು ನೆಲದ ಮೇಲಿರುತ್ತದೆ, ಕೈಯಲ್ಲಿ ಕೋವಿ ಇರುವುದಿಲ್ಲ. ಅವನ ಹಿಂದೆ ನಾನು."

ಮಾರ್ಟಿನಾ ಬಡಿಸುವ ಸೌಟನ್ನು ಪಾತ್ರೆಯೊಳಗೆ ಬಿಟ್ಟು ಅಡುಗೆಮನೆಗೆ ಹೋದಳು. ಇಷ್ಟು ದಿನವೂ ಆ ಕಾಡಿನಲ್ಲಿ ಅವಳಿಗೆ ಕಂಡದ್ದು ಲಿಯೊನೆಲ್ ಒಬ್ಬನೇ. ಅವನ ಮೇಲೆ ಹಾರುವ ಚಿರತೆ, ಅವನ ರಕ್ತ, ಆಸ್ಪತ್ರೆ. ಅದಕ್ಕೇ ಅವಳಿಗೆ ನಿದ್ರೆ ಇರಲಿಲ್ಲ. ಈಗ ಗೊತ್ತಾಯಿತು, ಲಿಯೊನೆಲ್ ಗಾಡಿಯಲ್ಲಿ ಗಾಜು ಏರಿಸಿಕೊಂಡು ಕೂತಿರುತ್ತಾನೆ. ಮನಸ್ಸಿಗೆ ಮೊದಲು ಬಂದದ್ದು ಸಮಾಧಾನ. ಪೊದೆಗೆ ನುಗ್ಗುವವನು ಬೇರೊಬ್ಬ ಎಂಬ ಆ ಸಮಾಧಾನಕ್ಕೆ ಅವಳಿಗೇ ನಾಚಿಕೆಯಾಯಿತು.

ಸಿಂಕಿನ ಹತ್ತಿರ ಹೆಜ್ಜೆ ಸದ್ದಾಯಿತು. ಕೋಬಸ್ ಕೈ ತೊಳೆಯಲು ಬಂದಿದ್ದ. ತೊಳೆದು, ಟವೆಲು ತೆಗೆದುಕೊಂಡು, ಹೋಗದೆ ನಿಂತ.

"ಮೇಡಂ, ನಾನು ಊಟಕ್ಕೆ ಬರುವುದು ಊಟಕ್ಕಲ್ಲ. ಊಟವೇನೋ ಬಹಳ ಚೆನ್ನಾಗಿತ್ತು. ನಾನು ಬರುವುದು ಮನೆಯವರ ಹತ್ತಿರ ಒಂದು ಪ್ರಶ್ನೆ ಕೇಳಲಿಕ್ಕೆ. ಗಿರಾಕಿಗಳು ತಮ್ಮ ಬಗ್ಗೆ ನಿಜ ಹೇಳುವುದಿಲ್ಲ."

ಅವಳು ಪಾತ್ರೆ ಒರೆಸುತ್ತಲೇ ಇದ್ದಳು.

"ಒಬ್ಬರಿಗೆ ಕಣ್ಣಿನಲ್ಲಿ ಪೊರೆ ಇತ್ತು. ನನಗೆ ಹೇಳಲಿಲ್ಲ. ಚಿರತೆಯ ಹೊಟ್ಟೆಗೆ ಹೊಡೆದರು. ನಮ್ಮ ಪೇತ್ರುಸ್‌ನ ಒಂದು ಕಣ್ಣು ಅವತ್ತು ಹೋಯಿತು, ನನ್ನ ಕೈ ಹೀಗಾಯಿತು. ಆ ಮನುಷ್ಯನ ಹೆಂಡತಿ ಏರ್‌ಪೋರ್ಟಿನಲ್ಲಿ ನನ್ನ ಹತ್ತಿರ ಅತ್ತರು. 'ನನಗೆ ಗೊತ್ತಿತ್ತು, ಹೇಳಬೇಕಿತ್ತು' ಅಂದರು." ಅವನು ಟವೆಲನ್ನು ಮಡಚಿ ಸ್ವಸ್ಥಾನಕ್ಕೆ ಹಾಕಿದ. "ಅದಕ್ಕೇ ಈಗ ಮೊದಲೇ ಕೇಳುತ್ತೇನೆ. ನಿಮ್ಮ ಯಜಮಾನರು ಕೈಯನ್ನು ಹೆಚ್ಚಾಗಿ ಕಿಸೆಯಲ್ಲಿ ಇಡುತ್ತಾರೆ. ಕೆಲವರಿಗೆ ಅದು ಅಭ್ಯಾಸ. ಅವರ ಕೈ ಗಟ್ಟಿಯಿದೆಯಾ?"

ಹಾಲಿನಿಂದ ಲಿಯೊನೆಲ್‌ನ ನಗು ಕೇಳುತ್ತಿತ್ತು. ಬಹಳ ದಿನದ ಮೇಲೆ ಹೊಟ್ಟೆಯಿಂದ ಬಂದ ನಗು.

"ಗಟ್ಟಿ ಇದೆ," ಎಂದಳು ಮಾರ್ಟಿನಾ. "ಅವರದು ಅಭ್ಯಾಸ ಅಷ್ಟೇ."

ಮಾತು ಅವಳ ಅಪ್ಪಣೆಗೆ ಕಾಯಲಿಲ್ಲ. ಅಂಗಿಗೆ ಟಿಚ್ ಬಟನ್ ಹೊಲಿದ ಹಾಗೆ, ಗ್ಲಾಸನ್ನು ಎಡಕ್ಕೆ ಇಟ್ಟ ಹಾಗೆ, ಅದೂ ತಾನಾಗಿ ಆಗಿಹೋಯಿತು.

ಕೋಬಸ್ ಅವಳ ಮುಖವನ್ನು ನೋಡಿದ. "ಥ್ಯಾಂಕ್ಯೂ ಮೇಡಂ. ನನಗೆ ಅಷ್ಟು ಸಾಕು."

ಹಾಲಿಗೆ ಹೋಗಿ ಅವನು ಲಿಯೊನೆಲ್‌ನ ಭುಜ ತಟ್ಟಿದ. "ಬನ್ನಿ ಸರ್. ಜೂನ್ ತಿಂಗಳಲ್ಲಿ ಹೋಗೋಣ. ನಿಮ್ಮ ಮನೆಯವರು ಹೇಳಿದ ಮೇಲೆ ನನ್ನದೇನೂ ಇಲ್ಲ."

"ಖಲಾಸ್," ಎಂದ ವಿಲ್ಸನ್. "ಚಿರತೆಯ ಟಿಕೆಟ್ ಹರಿಯಿತು."

ಲಿಯೊನೆಲ್ ನಗಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತ ಹೆಂಡತಿಯ ಕಡೆ ತಿರುಗಿದ. ಕನ್ನಡಿಯೊಳಗಿಂದಲ್ಲ, ನೇರವಾಗಿ ನೋಡಿದ. ಅವನಿಗೆ ಎಲ್ಲವೂ ಗೊತ್ತಿತ್ತು. ಅಡುಗೆಮನೆಯಲ್ಲಿ ಏನು ಕೇಳಿದರು, ಅವಳು ಏನು ಹೇಳಿದಳು, ಯಾಕೆ ಹೇಳಿದಳು. ಆ ಕಣ್ಣುಗಳಲ್ಲಿ ಉಪಕಾರ ಸ್ಮರಣೆ ಇತ್ತು. ಅದರ ಅಡಿಯಲ್ಲಿ ಇನ್ನೇನೋ ಇತ್ತು. ಕತ್ತಲೆಯಲ್ಲಿ ಮೆಟ್ಟಿಲು ಇಳಿಯುವಾಗ ಕೊನೆಯ ಮೆಟ್ಟಿಲಿಗೆ ಕಾಲು ಚಾಚಿ ನೆಲ ಸಿಗದವನ ಹೆದರಿಕೆ. ಅವನು ಬೇಡ ಎನ್ನಲಾರ. ಯಾರಾದರೂ ಬೇಡ ಎನ್ನಲಿ ಎಂದು ಕಾಯುತ್ತಿದ್ದಾನೆ. ಆ ಯಾರಾದರೂ ಈಗಷ್ಟೇ ಹೌದು ಎಂದು ಬಂದಿದ್ದಳು.

"ಮಾರ್ಟಿನಾ, ಚಹಾ ಮಾಡು," ಎಂದ.

ಅವಳು ಒಲೆಗೆ ನೀರಿಟ್ಟಳು. ಚಹಾಪುಡಿ ಹಾಕಿದಳು, ಏಲಕ್ಕಿ ಜಜ್ಜಿ ಹಾಕಿದಳು. ಈಗ ಹೋಗಿ ಕೋಬಸ್‌ನ ಹತ್ತಿರ ನಿಜ ಹೇಳಿದರೆ? ಅವನು ಬೆನ್ನು ತಿರುಗಿಸಿ ಹೋಗುತ್ತಾನೆ. ನಾಳೆ ಲಿಯೊನೆಲ್ ಗ್ಯಾರಂಟಿಯವನಿಗೆ ಫೋನು ಮಾಡುತ್ತಾನೆ. ಅವನು ಟೋಪಿಯ ಸೈಜು ಕೇಳುತ್ತಾನೆ. ಅಲ್ಲೂ ಪೊದೆ ಇರುತ್ತದೆ, ಅಲ್ಲೂ ನೆಲ ನೋಡುತ್ತ ಮುಂದೆ ನಡೆಯುವ ಒಬ್ಬ ಇರುತ್ತಾನೆ. ಹೇಳಬೇಕಾದದ್ದು ಅವಳಲ್ಲ. ಹೇಳಬೇಕಾದದ್ದು ಆ ಕೈ, ಕೋಬಸ್‌ನ ಎದುರಿಗೇ, ಲಿಯೊನೆಲ್‌ಗೂ ಕೇಳುವ ಹಾಗೆ. ಇಷ್ಟು ದಿನ ಅದರ ಬಾಯಿ ಹೊಲಿದಿಟ್ಟವಳು ತಾನೇ ಅಲ್ಲವೇ?

ಅವಳು ಬಾಗಿಲಿಗೆ ಬಂದಳು.

"ವಿಲ್ಸನ್‌ಬಾಬ್, ಹಾಲಿನ ಟಿನ್ ಮುಗಿದಿದೆ. ಗ್ರೋಸರಿಯಿಂದ ಒಂದು ತರ್ತೀರಾ?"

"ಫೋನು ಮಾಡಿದ್ರೆ ಅವನೇ ತಂದು ಕೊಡ್ತಾನಲ್ಲ ಬಾಯೇ. ಈ ಬಿಸಿಲಿಗೆ ನನ್ನನ್ನು ಕಳಿಸ್ತೀಯಾ?"

"ನಮಾಜಿಗೆ ಹೋದ ಹುಡುಗ ಇನ್ನೂ ಬಂದಿರ್ಲಿಕ್ಕಿಲ್ಲ. ಬಫಾತ್ ತಿಂದದ್ದು ಕರಗ್ಲಿ, ಹೋಗಿ."

"ಈ ಮನೆಯಲ್ಲಿ ಬಿಟ್ಟಿ ಊಟ ಇಲ್ಲ ಮಾರಾಯ," ಎಂದು ಗೊಣಗುತ್ತ ವಿಲ್ಸನ್ ಚಪ್ಪಲಿ ಮೆಟ್ಟಿದ. ಬಾಗಿಲು ಮುಚ್ಚಿತು.

ಹಾಲಿನ ಟಿನ್ ಕಪಾಟಿನಲ್ಲೇ ಇತ್ತು. ಅವಳು ಅದನ್ನು ಒಡೆದು ಚಹಾಕ್ಕೆ ಸುರಿದಳು. ಗಂಡನಿಗೆ ಅವಳು ಮಾಡಬಹುದಾದ ಉಪಕಾರ ಇನ್ನು ಇಷ್ಟೇ ಉಳಿದಿತ್ತು, ವಿಲ್ಸನ್ ಮೆಟ್ಟಿಲು ಹತ್ತಿ ವಾಪಸು ಬರುವ ತನಕ, ಊರಿನವರ ಕಣ್ಣಿಲ್ಲದ ಅಷ್ಟು ಹೊತ್ತು.

ದಪ್ಪ ಮಗ್ಗುಗಳ ಕಡೆಗೆ ಹೋದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಸ್ಟೂಲು ಹತ್ತಿ ಮೇಲಿನ ಅಂತಸ್ತಿನಿಂದ ಮದುವೆಯ ಕಾಲದ ಕಪ್-ಸಾಸರುಗಳನ್ನು ಇಳಿಸಿದಳು. ಧೂಳು ತೊಳೆದಳು. ತೆಳ್ಳಗಿನ ಪಿಂಗಾಣಿ, ಬೆರಳು ಒಂದೇ ಹಿಡಿಸುವ ಕಿವಿ. ಕೋಬಸ್‌ನ ಕಪ್ಪಿಗೆ ಅತಿಥಿಗೆ ಹಾಕುವಷ್ಟು ಹಾಕಿದಳು. ಲಿಯೊನೆಲ್‌ನ ಕಪ್ಪಿಗೆ ಸುರಿಯುತ್ತ ಸುರಿಯುತ್ತ ಅರ್ಧಕ್ಕೆ ಬಂದಾಗ, ಇಷ್ಟು ದಿನದ ಅಭ್ಯಾಸಕ್ಕೆ, ಕೈ ತಾನಾಗಿ ನಿಂತಿತು.

ಅವಳು ಮತ್ತೆ ಬಗ್ಗಿಸಿದಳು. ಅಂಚಿನ ಚಿನ್ನದ ಗೆರೆಯನ್ನು ಚಹಾ ಮುಟ್ಟುವ ತನಕ ಸುರಿದಳು.

ತಟ್ಟೆ ಎತ್ತಿಕೊಂಡು, ಒಂದು ಹನಿಯೂ ಸಾಸರಿಗೆ ಚೆಲ್ಲದ ಹಾಗೆ ಹಾಲಿಗೆ ನಡೆದಳು. ಕಪ್ಪನ್ನು ಗಂಡನ ಬಲಗೈ ಕಡೆಗೇ ಇಟ್ಟು, ಅವನ ಪಕ್ಕದ ಕುರ್ಚಿಯಲ್ಲಿ ಕೂತಳು.