ಮೈಬೂಬಸಾಬನ ಲೆವೆಲ್ ಪೈಪು

ಗುರುಲಿಂಗನನ್ನು ಮಣ್ಣು ಮಾಡಿ ಬಂದ ಐದನೆಯ ದಿನ, ಊರಿನಿಂದ ಬಂದಿದ್ದ ನೆಂಟರೆಲ್ಲ ಬಸ್ಸು ಹತ್ತಿ ಹೋದ ಮೇಲೆ, ಗೋವೆಯ ಸಾಂಕೋಲೆಯ ಆ ಬಾಡಿಗೆ ಖೋಲಿಗೆ ಮೊದಲ ಸಾದಾ ಬೆಳಗು ಬಂತು. ಆರು ಗಂಟೆಗೆ ನಳ ಬಂತು. ಆರೂವರೆಗೆ ಪಾವು ಬ್ರೆಡ್ಡು ಮಾರುವವನು ಸೈಕಲ್ಲಿನ ಹಾರ್ನ್ ಒತ್ತುತ್ತ ಓಣಿಯಲ್ಲಿ ಹಾದುಹೋದ. ಅಶ್ವಿನಿ ಕೊಡ ತುಂಬಿದಳು, ಪಾವು ಕೊಂಡಳು, ಚಹಾಕ್ಕೆ ಇಟ್ಟಳು. ಗಂಡ ಸತ್ತ ದಿನದಿಂದ ಅವಳಿಗೆ ಅಳು ಬಂದಿರಲಿಲ್ಲ. ಈಗಲೂ ಬರಲಿಲ್ಲ.

ಅತ್ತೆ ಫಕೀರವ್ವ ಗೋಡೆಗೆ ಒರಗಿ ಕೂತು, ಪಾವನ್ನು ಚಹಾದಲ್ಲಿ ಅದ್ದುತ್ತ ಹೇಳಿದಳು:

"ಶನಿವಾರ ನಾ ಮುದ್ದೇಬಿಹಾಳಕ್ಕ ಹೊಕ್ಕೇನಿ, ತಮ್ಮನ ಮನಿಗಿ. ನೀ ಧಾರವಾಡಕ್ಕ ನಿಮ್ಮಪ್ಪಾರ ಕಡೆ ಹೋಗು. ಆ ಫ್ಲ್ಯಾಟು ಬ್ಯಾಡ ಅಂತ ಫೋನ್ ಮಾಡಿಬಿಡು."

"ಸೋಮವಾರ ರಿಜಿಸ್ಟ್ರಿ ಐತ್ರಿ ಅತ್ತಿ."

"ಯಾರಿಗಿ ಐತಿ? ತಗೊಳ್ಳಾಂವನ ಹ್ವಾದ."

ಅಶ್ವಿನಿ ತನ್ನ ಲೋಟಕ್ಕೆ ಚಹಾ ಸೋಸಿಕೊಂಡಳು. ಆ ಫ್ಲ್ಯಾಟೆಂದರೆ ಎರಡು ಖೋಲಿ, ಒಂದು ಅಡಿಗೆಮನೆ, ಗುಡ್ಡದ ಕಡೆಗೊಂದು ಬಾಲ್ಕನಿ, ಮೂರನೆಯ ಮಾಳಿಗೆ. ಹನ್ನೆರಡು ವರ್ಷ ಗೋವೆಯ ತುಂಬ ಮಂದಿಯ ಮನೆಯ ನೆಲಕ್ಕೆ ಫರ್ಶಿ ಹಾಕಿದ ಗುರುಲಿಂಗ ತನಗೆಂದು ಆರಿಸಿದ್ದ ಮನೆ. ಬ್ಯಾಂಕಿನವರನ್ನು ಅವಳು ನಿನ್ನೆಯೇ ಕೇಳಿದ್ದಳು. ಔಷಧಿ ಕಾರ್ಖಾನೆಯ ಲ್ಯಾಬಿನಲ್ಲಿ ಅವಳಿಗೆ ಬರುವ ಪಗಾರದ ಮೇಲೆಯೇ ಸಾಲ ಆಗುತ್ತದೆ, ಒಬ್ಬಳ ಹೆಸರಲ್ಲೇ ಆಗಲಿ ಎಂದಿದ್ದರು. ಬ್ಯಾಂಕಿನ ಅಡ್ಡಿ ಕಳೆದಿತ್ತು. ಉಳಿದ ಅಡ್ಡಿ ಗೋಡೆಗೆ ಒರಗಿ ಚಹಾ ಕುಡಿಯುತ್ತಿತ್ತು. ಅಶ್ವಿನಿಗೆ ಮನೆ ಬೇಕಿತ್ತು. ಆದರೆ ಈ ಮುದುಕಿಯನ್ನು ಬಸ್ಸು ಹತ್ತಿಸಿ ಒಬ್ಬಳೇ ಹೋಗಿ ಕೂಡುವ ಮನೆ ಬೇಕಿರಲಿಲ್ಲ.

ಫಕೀರವ್ವನ ಹಟಕ್ಕೆ ಕಾರಣವಿತ್ತು. ಹತ್ತೊಂಬತ್ತನೆಯ ವಯಸ್ಸಿಗೆ ಗೋವೆಗೆ ಬಂದು, ತಲೆಯ ಮೇಲೆ ಕಾಂಕ್ರೀಟಿನ ಬುಟ್ಟಿ ಹೊತ್ತು, ಬಾಯ್ನಾದ ಸಮುದ್ರ ದಂಡೆಯಲ್ಲಿ ಆಕೆ ಒಂದು ಮನೆ ಕಟ್ಟಿಕೊಂಡಿದ್ದಳು. ಮನೆಪಟ್ಟಿಯ ಪಾವತಿ, ಲೈಟ್ ಬಿಲ್ಲು, ರೇಶನ್ ಕಾರ್ಡು ಎಲ್ಲ ಇತ್ತು, ಜಾಗದ ಕಾಗದ ಒಂದಿರಲಿಲ್ಲ. ಎರಡು ಸಾವಿರದ ನಾಲ್ಕರಲ್ಲಿ ಮನೆ ಕೆಡವುವ ಮಷೀನು ಬಂದಾಗ ಅವನ್ನೆಲ್ಲ ಎತ್ತಿ ತೋರಿಸಿದಳು. ಮಷೀನಿಗೆ ಓದಲು ಬರುತ್ತಿರಲಿಲ್ಲ.

"ನಮ್ಮಂಥಾರಿಗೆ ಈ ಸೀಮ್ಯಾಗ ಮನಿ ಅಂದ್ರ ಛತ್ರಿ ಇದ್ದಂಗ," ಎನ್ನುತ್ತಿದ್ದಳು. "ಗಾಳಿ ಬೀಸೂತನಕ ನಮ್ದು."

ಲೋಟ ತೊಳೆಯುವ ಹೊತ್ತಿಗೆ ಬಾಗಿಲಲ್ಲಿ ಯಾರೋ ಕೆಮ್ಮಿದರು. ಗುರುಲಿಂಗನ ಜೋಡಿ ಕೆಲಸ ಮಾಡುತ್ತಿದ್ದ ಗೌಂಡಿ ಮೈಬೂಬಸಾಬ. ಒಳಗೆ ಬಂದು ಕೂತ. ಮಳೆಯ ಮಾತಾಡಿದ. ಮಳೆ ಮುಗಿಯಿತು, ಸಿಮೆಂಟಿನ ಮಾತಾಡಿದ. ಅದೂ ಮುಗಿಯಿತು.

"ಏನರೆ ಕೇಳಾಕ ಬಂದೀಯೇನು ಮೈಬೂಬ?" ಎಂದಳು ಫಕೀರವ್ವ. "ಕೇಳು. ಸತ್ತ ಮನಿಯಾಗೂ ಬಾಯಿ ಇರತಾವು."

"ಕೇಳಬಾರದು ಅವ್ವಾ, ಖರೇ. ನನ್ನ ಲೆವೆಲ್ ಪೈಪು ಗುರು ಒಯ್ದಿದ್ದ. ನಾಳಿಯಿಂದ ದೂರದ ಸಾಂಖಳಿಯಾಗ ಕೆಲಸ ಐತಿ..."

"ಅವರ ಹತ್ರ ಲೆವೆಲ್ ನೋಡೂ ಕಂಪನಿ ಮಷೀನ್ ಇತ್ತಲ್ರಿ ಅಣ್ಣಾ?" ಎಂದಳು ಅಶ್ವಿನಿ.

"ಅದನ್ನ ನಾನೂ ಅಂದ್ನಿ ತಂಗಿ. ಕಂಪನಿ ಮಷೀನು ಕಂಪನಿ ಪರವಾಗಿ ಮಾತಾಡತೈತಿ, ನನ್ನ ಮನಿಗೆ ಪೈಪಿನ ನೀರ ಬೇಕು ಅಂದ ಗುರು. ಸಹಿ ಮಾಡೂಕಿಂತ ಮೊದ್ಲ ಫ್ಲ್ಯಾಟಿನ ಲೆವೆಲ್ ನೋಡಾಂವ ಇದ್ದ."

ಪೈಪು ಮಂಚದ ಕೆಳಗಿತ್ತು. ಸುರುಳಿ ಸುತ್ತಿದ, ಆಚೆ ಈಚೆ ಕಾಣುವ ಬಿಳೀ ಪ್ಲಾಸ್ಟಿಕ್ ನಳಿಗೆ. ಅಶ್ವಿನಿ ಅದನ್ನು ಎತ್ತಿ ಕೈಯಲ್ಲಿ ಹಿಡಿದಳು, ಕೊಡಲಿಲ್ಲ.

"ಐದಾರು ದಿನ ಇರಲ್ರಿ?"

"ಇರಲಿ ಬಿಡವ್ವ. ಅಲ್ಲೀತನಕ ದಾರ ಹಿಡದು ನಡಸ್ತೇನಿ."

ಅವನು ಹೋದ ಮೇಲೆ ಫಕೀರವ್ವ ಕೇಳಿದಳು, "ಬ್ಯಾಡಾದ ಮನಿಗೆ ಲೆವೆಲ್ ಯಾಕ?"

"ಅವರು ನೋಡಬೇಕು ಅಂತ ತಂದಿಟ್ಟಾರ. ನೋಡಿ ಕೊಡೂಣು. ಇದಕ್ಕ ಇಬ್ಬರು ಬೇಕ್ರಿ, ಆ ತುದಿಗೊಬ್ಬರು, ಈ ತುದಿಗೊಬ್ಬರು. ನೀವು ಬರಬೇಕು."

ಮಗ ಅರ್ಧ ಬಿಟ್ಟ ಕೆಲಸಕ್ಕೆ ಫಕೀರವ್ವ ಇಲ್ಲ ಎನ್ನಲಾರಳು. ಮರುದಿನ ಸೆರಗು ಬಿಗಿದು ಮೂರು ಮಾಳಿಗೆ ಹತ್ತಿದಳು. ಬಿಲ್ಡರಿನ ಕಡೆಯ ಎಂಜಿನಿಯರ್ ಪವಮಾನ ಕೀಲಿ ತೆಗೆದುಕೊಟ್ಟು, ಫೋನಿನಲ್ಲಿ ಮಾತಾಡುತ್ತ ಹೊರಗೆ ನಿಂತ. ಅವನೂ ಧಾರವಾಡದವನೇ.

ಅಶ್ವಿನಿ ಬಾಟಲಿಯಿಂದ ನೀರು ಹೊಯ್ಯಲು ಹೋದಳು. ಅರ್ಧ ನೀರು ನೆಲಕ್ಕೆ ಬಿತ್ತು. ಫಕೀರವ್ವ ನಳಿಗೆ ಕಸಿದುಕೊಂಡು, ಒಂದು ತುದಿಯನ್ನು ಮೂಲೆಯಲ್ಲಿದ್ದ ನೀರಿನ ಬಕೀಟಿಗೆ ಇಳಿಬಿಟ್ಟು, ಇನ್ನೊಂದನ್ನು ಬಾಯಿಗಿಟ್ಟು ಎಳೆದಳು. ನೀರು ಸರಸರ ಬಂತು.

"ನಮ್ಮ ಲ್ಯಾಬಿನಾಗ ಬಾಯಿಲೆ ಎಳದ್ರ ಕೆಲಸದಿಂದ ತಗೀತಾರ್ರಿ ಅತ್ತಿ."

"ಅದಕ್ಕ ನಿಮ್ಮ ಲ್ಯಾಬಿನಾಗ ಯಾರೂ ಮನಿ ಕಟ್ಟಿಲ್ಲ. ಗಾಳಿ ಗುಳ್ಳಿ ತಗಿ ಮೊದ್ಲ, ನಳಗಿ ಬಡಿ."

ಬಾಲ್ಕನಿಯ ಒಳಹೊಸ್ತಿಲ ಪಕ್ಕದ ಗೋಡೆಗೆ ಅಶ್ವಿನಿ, ಹೊರತುದಿಗೆ ಫಕೀರವ್ವ. ಎರಡೂ ತುದಿಯಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ; ಆ ಎತ್ತರಕ್ಕೆ ಪೆನ್ಸಿಲಿನಿಂದ ಗೀಟು ಹಾಕಬೇಕು. ಗೀಟಿನಿಂದ ನೆಲಕ್ಕೆ ಅಳೆಯಬೇಕು. ಅಳೆದರೆ ಎರಡು ಕಡೆಯೂ ನಲವತ್ತು ಇಂಚು. ಇತ್ತ ಚೂರೂ ಇಲ್ಲ, ಅತ್ತ ಚೂರೂ ಇಲ್ಲ.

"ಸಪಾಟ ಐತ್ರಿ," ಎಂದಳು ಅಶ್ವಿನಿ.

ಫಕೀರವ್ವ ಬಂದು ಸೊಸೆಯ ಕೈ ನೋಡಿದಳು. ನೀರು ಚೆಲ್ಲದಿರಲೆಂದು ಅಶ್ವಿನಿ ನಳಿಗೆಯ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದಿದ್ದಳು, ಲ್ಯಾಬಿನಲ್ಲಿ ಹಿಡಿದ ಹಾಗೆ.

"ಬಳ್ಳು ತಗೀಯವ್ವ! ನೀರಿನ ಕುತ್ತಿಗಿ ಹಿಚುಕಿ ಹಿಡದ್ರ ಅದು ಖರೇ ಹೆಂಗ ಹೇಳೀತು? ಎಮ್ಮೆಸ್ಸಿ ಮಾಡಿ ಇದ ಕಲ್ತಿಯೇನು?"

ಹೆಬ್ಬೆರಳು ತೆಗೆದಳು. ನೀರು ಒಮ್ಮೆ ಅಲುಗಿ, ಸರಿದು, ನಿಂತಿತು. ಮತ್ತೆ ಗೀಟು ಹಾಕಿ ಅಳೆದರು. ಒಳಗೆ ನಲವತ್ತೂವರೆ. ಹೊರತುದಿಗೆ ನಲವತ್ತು. ಒಳಗಿನ ನೆಲ ಅರ್ಧ ಇಂಚು ತಗ್ಗು; ಬಾಲ್ಕನಿಯ ಇಳಿಜಾರು ಹೊರಕ್ಕಲ್ಲ, ಮನೆಯ ಒಳಕ್ಕಿತ್ತು. ಆಷಾಢದ ಮಳೆ ಸೀದಾ ಮಲಗುವ ಖೋಲಿಗೆ ಬರುವಂತಿತ್ತು.

ಪವಮಾನ ಬಂದು ನೋಡಿದ. "ಇಷ್ಟು ಎಲ್ಲಾ ಕಡೆ ಇರ್ತದ್ರಿ ಮೇಡಂ. ಅರ್ಧ ಇಂಚು. ಒಂದು ಮ್ಯಾಟ್ ಹಾಕಿದ್ರ ಮುಗೀತದ."

"ಎಲ್ಲಾ ಕಡೆ ಇದ್ರ ಎಲ್ಲಾ ಕಡೆ ಒಡೀರಿ!" ಫಕೀರವ್ವನ ದನಿ ಕೆಳಮಾಳಿಗೆಗೂ ಕೇಳಿತು. "ನನ್ನ ಮಗ ಇದ್ದಿದ್ರ ಈ ಫರ್ಶಿ ಹಾಕಿದಾವನ ಕೈ ಹಿಡದು ಕೇಳತಿದ್ದ. ಮಳಿಗಾಲದಾಗ ನನ್ನ ಸೊಸಿ ಚಾಕರಿಗೆ ಹೋಗಬೇಕೋ, ಮನ್ಯಾಗ ಕೂತು ನೀರು ಬಳೀಬೇಕೋ?"

"ಬ್ಯಾಡಾದ್ರ ಬಿಡ್ರಿ ಅಜ್ಜಿ, ಇನ್ನೊಂದು ಪಾರ್ಟಿ ಅದ."

"ಆ ಪಾರ್ಟಿಗೂ ಈ ಗೀಟು ತೋರಸ್ತೇವ್ರಿ," ಎಂದಳು ಅಶ್ವಿನಿ. ದನಿ ಏರಿಸಲಿಲ್ಲ. "ಸೋಮವಾರ ನನ್ನ ಸಹಿ ಬೇಕಂದ್ರ ರವಿವಾರದೊಳಗ ತಿದ್ದಸ್ರಿ. ನಾವು ಬಂದು ಮತ್ತ ನೋಡ್ತೇವಿ."

ಪವಮಾನ ಗೋಡೆಯ ಗೀಟನ್ನೊಮ್ಮೆ, ಮುದುಕಿಯನ್ನೊಮ್ಮೆ ನೋಡಿ, ಮತ್ತೆ ಫೋನು ಹಚ್ಚಿದ. ಈ ಸಲ ಫರ್ಶಿಯವನಿಗೆ.

ಅವನು ಇಳಿದು ಹೋದ ಮೇಲೆ ಇಬ್ಬರೂ ಬಾಲ್ಕನಿಯಲ್ಲಿ ನಿಂತರು.

"'ನಾವು' ಬಂದು ನೋಡ್ತೇವಿ ಅಂದ್ಯಲ್ಲ," ಎಂದಳು ಫಕೀರವ್ವ. "ನಾ ಶನಿವಾರ ಹೊಂಟೇನಿ."

"ಅವರನ್ನ ಈ ನೆಲದಾಗ ಇಟ್ಟೇವ್ರಿ ಅತ್ತಿ. ನಾ ಎಲ್ಲಿಗೂ ಹೋಗೂದಿಲ್ಲ. ಈ ಸಲ ಕಾಗದ ನನ್ನ ಕೈಯಾಗ ಆಗತಾವು. ಜಾಗಾದ್ದು, ಮನಿದ್ದು, ಎಲ್ಲಾ ನಾ ಓದೇನಿ. ಇದನ್ನ ಯಾವ ಮಷೀನೂ ಮುಟ್ಟೂದಿಲ್ಲ. ನನಗ ಮನಿನೂ ಬೇಕು, ನೀವೂ ಬೇಕು."

ಫಕೀರವ್ವ ಬಗ್ಗಿ, ನೆಲದ ಫರ್ಶಿಯನ್ನು ಬೆರಳ ಗೆಣ್ಣಿನಿಂದ ಬಡಿದು ಸಪ್ಪಳ ಕೇಳಿದಳು.

"ಪೊಳ್ಳ ಐತಿ. ಕೆಳಗ ಸಿಮೆಂಟ ಮಾಲು ಹಾಕಿಲ್ಲ ಕಳ್ಳರು. ಶನಿವಾರ ಇದನ್ನ ನೋಡೂದ್ಯಾರು, ನೀನ? ಬಳ್ಳು ಒತ್ತಿ ಹಿಡದು?"

ಶನಿವಾರದ ಬಸ್ಸು ಫಕೀರವ್ವನನ್ನು ಬಿಟ್ಟು ಹೋಯಿತು. ಆಕೆ ಅಂದು ಫ್ಲ್ಯಾಟಿನಲ್ಲಿ ಫರ್ಶಿಯವನ ಬೆನ್ನ ಹಿಂದೆ ಸ್ಟೂಲು ಹಾಕಿ ಕೂತಿದ್ದಳು. ಪ್ರತಿ ಫರ್ಶಿಗೂ ಅವನಿಂದ ಬೈಸಿಕೊಂಡು, ಎರಡರಷ್ಟು ಬೈದಳು. ರವಿವಾರ ಸಂಜೆ ಮತ್ತೆ ನೀರು ಹಿಡಿದರು. ಇಳಿಜಾರು ಹೊರಕ್ಕಿತ್ತು. ಸೋಮವಾರ ವಾಸ್ಕೋದ ರಿಜಿಸ್ಟ್ರಿ ಕಚೇರಿಯಲ್ಲಿ ಅಶ್ವಿನಿ ಹದಿನಾರು ಕಡೆ ಸಹಿ ಮಾಡಿದಳು. ಎಲ್ಲ ಕಡೆಯೂ ಒಂದೇ ಹೆಸರು, ಅವಳದು.

ಮಂಗಳವಾರ ರಜೆ ಹಾಕಿ, ಎರಡು ಬಸ್ಸು ಬದಲಿಸಿ ಸಾಂಖಳಿಗೆ ಹೋದಳು. ಪೇಟೆಯ ಹಿಂದಿನ ಹೊಸ ಕಟ್ಟಡದಲ್ಲಿ ಮೈಬೂಬಸಾಬ ಮೊಣಕಾಲೂರಿ ದಾರ ಎಳೆಯುತ್ತಿದ್ದ. ಅವಳನ್ನು ಕಂಡು ಗಡಬಡಿಸಿ ಎದ್ದ.

"ಅಯ್ಯ ತಂಗಿ, ಇಷ್ಟು ದೂರ! ನಾನ ಬಂದು ಒಯ್ತಿದ್ನಲ್ಲ."

"ಇಸಗೊಂಡವರು ನಾವು. ತಂದು ಕೊಡೂದೂ ನಾವ."

ಅವನು ಸುರುಳಿಯನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ಬೆಳಕಿಗೆ ಹಿಡಿದು ನೋಡಿದ. "ನೀರು ಒಳಗ ಐತಲ್ಲ?"

"ಅತ್ತಿ ಚೆಲ್ಲಗೊಡಲಿಲ್ಲ. ಗುಳ್ಳಿ ತಗದು, ತುದಿ ಕಟ್ಟಿ ಕೊಟ್ಟಾರ. ಹೋದಕೂಡ್ಲೆ ಹಿಡಿಯೂಹಂಗ ಇರಬೇಕಂತ."

"ಲೆವೆಲ್ ಹೆಂಗಿತ್ತು?"

"ಒಳಕ್ಕ ವಾಲಿತ್ತು. ತಿದ್ದಿಸಿದ್ವಿ," ಎಂದಳು ಅಶ್ವಿನಿ.