ಮೂರನೆಯ ಕೂಗು

ನೆರಿಯದಲ್ಲಿ ಬೆಟ್ಟ ಹತ್ತಿಸುವ ನಮ್ಮಂಥ ಗೈಡ್‌ಗಳಿಗೆ ಸರದಿಯಿದೆ. ಯಾರ ಸರದಿಗೆ ಯಾರು ಬರುತ್ತಾರೋ ಅವರನ್ನೇ ಕರೆದೊಯ್ಯಬೇಕು, ಆರಿಸುವ ಹಾಗಿಲ್ಲ. ಆ ಭಾನುವಾರ ನನ್ನ ಪಾಲಿಗೆ ಬಂದವನು ವಾಮದಪದವಿನ ಹೋಟೆಲಿನ ರಂಜಿತ್. ಮದುವೆಯಾದ ಮೂರೇ ವರ್ಷಕ್ಕೆ ನನ್ನ ತಂಗಿ ಸರಸಳನ್ನು ತವರಿಗೆ ಅಟ್ಟಿದ ಮಹಾನುಭಾವ!

"ಗೈಡ್, ಹೊರಡುವ" ಎಂದ, ಗುರುತೇ ಇಲ್ಲದವನ ಹಾಗೆ.

ಮೈ ಉರಿಯಿತು. ದಾರಿಯಲ್ಲಿ ಅವನ ಕಾಲಿಗೆ ಜಿಗಣೆ ಹತ್ತಿದಾಗ ಸುಣ್ಣದ ಡಬ್ಬಿ ನನ್ನ ಸೊಂಟದಲ್ಲೇ ಇತ್ತು. ಕೊಡಲಿಲ್ಲ. ಕುಡಿಯಲಿ, ಜಿಗಣೆಗಾದರೂ ಉಪಕಾರವಾಗಲಿ.

ಕಾಡು ಮುಗಿದು ನೆತ್ತಿಯ ಹುಲ್ಲುಗಾವಲು ಸಿಕ್ಕಿತು.

"ಅಂಚಿಗೆ ಹೋಗ್ಬೇಡಿ, ಮಂಜು ಬರ್ತದೆ" ಎಂದೆ.

"ನಿನ್ನ ಕೆಲಸ ದಾರಿ ತೋರಿಸುವುದು. ಬುದ್ಧಿ ಹೇಳುವುದಲ್ಲ ಮಾರಾಯ."

ಫೋಟೋ ತೆಗೆಯಲು ಅಂಚಿನ ಕಡೆಗೇ ಹೋದ. ಹತ್ತು ನಿಮಿಷದಲ್ಲಿ ಮಂಜು ಮುಚ್ಚಿತು. ಚಾಚಿದ ಕೈ ಕಾಣಲಿಲ್ಲ.

"ಕೂ!"

ನಮ್ಮ ಕಡೆ ಕಾಡಿನಲ್ಲಿ ಒಂಟಿ ಕೂಗಿಗೆ ಓಗೊಡುವುದಿಲ್ಲ. ಸತ್ತವರ ಕುಲೆಯೂ ಮನುಷ್ಯರಂತೆ ಕೂಗುತ್ತದಂತೆ, ಆದರೆ ಮೂರು ಸಲ ಕೂಗಲು ಅದಕ್ಕಾಗದಂತೆ. ಈ ಕುಲೆಯ ಗುರುತು ನನಗೆ ಚೆನ್ನಾಗಿಯೇ ಇತ್ತು. ಆ ಕಡೆ ಪ್ರಪಾತವಿದೆಯೆಂದೂ ಗೊತ್ತಿತ್ತು. ಆದರೂ ಕಲ್ಲಿನ ಮೇಲೆ ಕುಳಿತು ಎಲೆಯಡಿಕೆ ಬಾಯಿಗಿಟ್ಟೆ. ಹಿರಿಯರ ಪದ್ಧತಿ ಮೀರಬಾರದಲ್ಲ!

ಎರಡನೆಯ ಕೂಗಿನಲ್ಲಿ ಗಂಟಲು ಒಡೆದಿತ್ತು. ಸತ್ಯ ಹೇಳುತ್ತೇನೆ, ಮೂರನೆಯದು ಬಾರದಿರಲಿ ಎಂದು ಬೇಡಿಕೊಂಡೆ.

"ಭಾವಾ! ಕಾಲಡಿ ನೆಲ ಇಲ್ಲ ಭಾವಾ!"

ಬೆಳಿಗ್ಗೆಯಿಂದ ಗೈಡ್, ಈಗ ಭಾವ. ಬಾಯಿಗೆ ಬಂದಂತೆ ಬೈಯುತ್ತಲೇ ಎದ್ದು ಧ್ವನಿಯ ಜಾಡು ಹಿಡಿದೆ. ಅಂಚಿನಲ್ಲಿ ಹುಲ್ಲು ತಬ್ಬಿಕೊಂಡು ಬೋರಲು ಬಿದ್ದಿದ್ದ. ಕಾಲರ್ ಹಿಡಿದು ಹಿಂದಕ್ಕೆಳೆದೆ. ಬೆಟ್ಟ ಇಳಿಸಿ ಬಿಟ್ಟು ಮನೆಗೆ ನಡೆದೆ.

ಮನೆಯಲ್ಲಿ ಸರಸ ಬಂಗುಡೆ ಕೊಯ್ಯುತ್ತಿದ್ದಳು. ನಡೆದದ್ದೆಲ್ಲ ಹೇಳಿದೆ, ಕೂತು ಕಾದದ್ದನ್ನೂ. ಅವಳಿಗಾಗಿಯೇ ಹಗೆ ಸಾಧಿಸಿದೆ ಎಂಬ ಜಂಬ ನನ್ನ ಮಾತಿನಲ್ಲಿತ್ತು.

"ಮೂರನೇ ಸಲಕ್ಕೆ ಹೋದೆ ಅಲ್ವಾ ಅಣ್ಣ?"

"ಹೌದು."

"ಆ ಮನೆಯಿಂದ ನಾನು ಅಳ್ತಾ ಎಷ್ಟು ಸಲ ಫೋನ್ ಮಾಡಿದ್ದೇನೆ, ನೆನಪುಂಟಾ? ಪ್ರತಿ ಸಲವೂ 'ಸ್ವಲ್ಪ ಸುಧಾರಿಸಿಕೊ' ಅಂದೆ. ಒಂದು ಸಲವಾದ್ರೂ ಬಂದೆಯಾ ನೀನು?"

ಅವಳು ಮುಖವೆತ್ತದೆ ಮುಂದಿನ ಮೀನು ತೆಗೆದುಕೊಂಡಳು.