ಹತ್ತಿದರೂ ಅರವತ್ತೈದು

ಆಸ್ಪತ್ರೆಯಲ್ಲಿ ಕರೆಂಟು ಕೊಡುವ ಕಟ್ಟಡ ಇಳಿಜಾರಿನ ತಳದಲ್ಲಿತ್ತು. ಹೋಗುವಾಗ ಇಳಿಯಬೇಕು, ಕರೆಂಟು ತೆಗೆದುಕೊಂಡು ಸೋತು ಬರುವಾಗ ಹತ್ತಬೇಕು.

“ಇದ್ನ ಕಟ್ಟಿದೋನ್ಗೆ ಒಂದ್ ಜ್ವರನೂ ಬಂದಿರಾಕಿಲ್ಲ ಕಣ್ ಮಗ,” ಎಂದು ಜೋಗಿ ಮೊದಲ ದಿನವೇ ಹೇಳಿದ್ದ.

ಜೋಗಿ ಸೀತಳ ದೊಡ್ಡಪ್ಪ. ಮಲಯಾಳ ಸೀಮೆಗೆ ಸೇರಿದ ಬೇಗೂರು ಕಾಡಿನ ಹಾಡಿಯಲ್ಲಿ ಅವರದು ಇಬ್ಬರ ಮನೆ. ಸೀತಳ ತಾಯಿ ಸತ್ತಿದ್ದಳು. ಶುಂಠಿ ಕೆಲಸಕ್ಕೆಂದು ಗಡಿ ದಾಟಿ ಕೋಟೆ ಕಡೆ ಹೋದ ಅಪ್ಪ ಅಲ್ಲೇ ಇನ್ನೊಂದು ಒಲೆ ಹೂಡಿದ್ದ. ಸೀತ ಏಳನೇ ತರಗತಿಯಲ್ಲಿದ್ದಾಗ ಹಾಸ್ಟೆಲಿನ ಹುಡುಗಿಯರು ಹಾಡಿಯ ಮಾತು ಬೆರೆತ ಅವಳ ಮಲಯಾಳ ಕೇಳಿ ನಕ್ಕಿದ್ದರು. ಅವಳು ಮೊದಲು ಮಾತು ಬಿಟ್ಟಳು, ಆಮೇಲೆ ಶಾಲೆ ಬಿಟ್ಟಳು. ಅದಕ್ಕೀಗ ಎಂಟು ವರ್ಷ. ಮನೆಯಲ್ಲಿ ಇಬ್ಬರ ಪಾಲಿನ ಮಾತನ್ನೂ ಜೋಗಿಯೇ ಆಡುತ್ತಿದ್ದ.

ಎಲೆಯಡಿಕೆ ಜಗಿದು ಜಗಿದು ಅವನ ದವಡೆಯಲ್ಲಿ ಹುಣ್ಣಾಗಿ, ಅದು ಕ್ಯಾನ್ಸರ್ ಎಂದಾಗಿತ್ತು. ಮೂವತ್ತು ದಿನ ಕರೆಂಟು, ಅಂದರೆ ವಿಕಿರಣ, ಬರೆದರು. ಮೊದಲ ದಿನ ಅಂಗಿ ತೆಗೆಸಿದ ಡಾಕ್ಟರ್ ಧನ್ಯ ಎಡ ಎದೆಯ ಚರ್ಮದಡಿಯ ಉಬ್ಬನ್ನು ಕಂಡು ಕೈ ನಿಲ್ಲಿಸಿದರು. ಬೆಂಕಿಪೊಟ್ಟಣದಷ್ಟಿದ್ದ ಆ ಪೇಸ್‌ಮೇಕರನ್ನು ನಾಲ್ಕು ವರ್ಷದ ಹಿಂದೆ ಕಲ್ಲಿಕೋಟೆಯಲ್ಲಿ ಇಟ್ಟಿದ್ದರು. ಹೃದಯ ತಾನಾಗಿ ಹೊಡೆದುಕೊಳ್ಳುವುದನ್ನು ಮರೆತಾಗ ಅದು ತಟ್ಟಿ ಎಬ್ಬಿಸುತ್ತಿತ್ತು, ನಡೆದಾಗ ಬಡಿತ ಏರಿಸುತ್ತಿತ್ತು.

“ಕಿರಣ ಇದರ ಮೇಲೆ ಬೀಳದ ಹಾಗೆ ನೋಡಿಕೊಳ್ತೇವೆ,” ಎಂದರು ಡಾಕ್ಟರ್. “ಸೋಮವಾರ ಸೋಮವಾರ ಕಂಪನಿಯವನು ಬಂದು ಇದನ್ನು ನೋಡ್ತಾನೆ. ಆದರೂ ಹತ್ತಿರ ಇರುವುದರಿಂದ ಕೆಡಬಹುದು. ತಲೆ ತಿರುಗಿದರೆ, ದಮ್ಮು ಕಟ್ಟಿದರೆ, ನಾಡಿಯ ಲೆಕ್ಕ ಬದಲಾದರೆ ತಕ್ಷಣ ಹೇಳಬೇಕು. ಯಾರು ಹೇಳ್ತೀರಿ? ನೀನಾ?”

ಸೀತ ಹೌದೆಂದು ತಲೆಯಾಡಿಸಿದಳು.

ನಾಡಿ ಎಣಿಸುವುದನ್ನು ಅವಳಿಗೆ ಕಲ್ಲಿಕೋಟೆಯ ನರ್ಸು ಕಲಿಸಿಕೊಟ್ಟಿದ್ದಳು. ಎರಡು ಬೆರಳು, ಒಂದು ನಿಮಿಷ. ಕೂತಾಗ ಒಮ್ಮೆ, ನಡೆದ ಮೇಲೆ ಒಮ್ಮೆ. ಏಳನೇ ತರಗತಿಯ ಲೆಕ್ಕದ ಪುಸ್ತಕದಲ್ಲಿ ಅರ್ಧಕ್ಕಿಂತ ಹೆಚ್ಚು ಹಾಳೆ ಖಾಲಿ ಉಳಿದಿದ್ದವು. ಅವುಗಳ ಮೇಲೆ ಈಗ ನಾಲ್ಕು ವರ್ಷದ ಅಂಕಿಗಳಿದ್ದವು. ಕೂತಾಗ ಅರವತ್ತು, ನಡೆದ ಮೇಲೆ ಎಂಬತ್ತು, ಎಂಬತ್ತೈದು. ಇಳಿಜಾರು ಹತ್ತಿದ ಮೇಲೆ ಗೇಟಿನ ಬಳಿಯ ಕಲ್ಲುಬೆಂಚಿನಲ್ಲಿ ಜೋಗಿ ಕೈ ಚಾಚುತ್ತಿದ್ದ, ಅವಳು ಎಣಿಸುತ್ತಿದ್ದಳು, ಅವನು ಹರಟುತ್ತಿದ್ದ.

“ಮಖಕ್ಕೆ ಬಲೆ ಹಾಕಿ ಮಂಚಕ್ಕೆ ಬಿಗೀತಾರೆ ಮಗ. ಮೂವತ್ತೊರ್ಸ ಜೇನು ಕಿತ್ತೋನು ನಾನು, ಒಂದಿನ ಮಖ ಮುಚ್ಚಿರ್ನಿಲ್ಲ. ಈಗ ಜೇನೇ ಇಲ್ಲ, ಬಲೆ ಐತೆ.”

ಅವನ ಮಾತೆಲ್ಲ ಕೊನೆಗೆ ಜೇನಿಗೇ ಹೋಗಿ ನಿಲ್ಲುತ್ತಿತ್ತು. ಬಂಡೆಯ ಅಂಚಿನಿಂದ ಬಳ್ಳಿಹಗ್ಗದಲ್ಲಿ ಇಳಿಯುವವನು ಅವನು, ಮೇಲೆ ಹಗ್ಗ ಹಿಡಿಯುವವನು ಬಾಮೈದ ವೆಳ್ಳನ್. ಹಗ್ಗವನ್ನು ಹೆಂಡತಿಯ ಅಣ್ಣತಮ್ಮಂದಿರೇ ಹಿಡಿಯಬೇಕು, ಒಡಹುಟ್ಟಿದವಳು ಮುಂಡೆಯಾಗಲೆಂದು ಯಾರೂ ಕೈ ಬಿಡುವುದಿಲ್ಲ. “ಒಂದ್ಸಲ ಜೇನ್ಹುಟ್ಟು ಕೈಗೆ ಸಿಕ್ತಿತ್ತು, ಅಷ್ಟ್ರಾಗೆ ವೆಳ್ಳ ದರದರ ಮೇಲಕ್ಕೆಳ್ದ. ಬ್ಯಾಡ ಕಣೋ ಅಂತ ಕಿರುಚ್ತಾವ್ನಿ, ಕೇಳ್ನಿಲ್ಲ. ಹಗ್ಗದ ಒಂದೆಳೆ ಹರ್ದದ್ದು ಅವ್ನ ಕೈಗೆ ಗೊತ್ತಾಗಿತ್ತು, ನಂಗೆ ಗೊತ್ತಿರ್ನಿಲ್ಲ. ಎಲ್ಡ್ ತಿಂಗ್ಳು ನಾ ಅವ್ನ ಕುಟ್ಟೆ ಮಾತಾಡ್ನಿಲ್ಲ.”

ವೆಳ್ಳನ್ ಈಗಿಲ್ಲ. ಅವನ ಅಕ್ಕ, ಜೋಗಿಯ ಹೆಂಡತಿ ಚಾತಿಯೂ ಇಲ್ಲ.

ಹದಿನೈದನೆಯ ದಿನದ ಹೊತ್ತಿಗೆ ಜೋಗಿಯ ಬಾಯೊಳಗೆಲ್ಲ ಬೆಂದು ಹೋಗಿ, ಗಂಜಿ ನುಂಗುವುದೂ ಕಷ್ಟವಾಯಿತು. ಮನೆಗೆ ಮರಳುವಾಗ, ಕುಟ್ಟಕ್ಕೆ ಹೋಗುವ ಬಸ್ಸಿನಲ್ಲಿ ಅವನು ಕಡೆಯ ಸಲ ಉದ್ದಕ್ಕೆ ಮಾತಾಡಿದ.

“ಕೇಳ್ ಮಗ. ನಂಬರು ಏನಾರ ಹೆಚ್ಚುಕಮ್ಮಿ ಆದ್ರೆ ಅವ್ರ್‌ಗೆ ಹೇಳ್ಬ್ಯಾಡ. ಹೇಳುದ್ರೆ ಚುರಂ ಘಾಟಿ ಇಳ್ಸಿ ಕಲ್ಲಿಕೋಟೆಗೆ ಕಳುಸ್ತಾರೆ. ಹಿಂದ್ಲ ಸಲ ಇಪ್ಪತ್ತೊಂದಿನ ಅಲ್ಲಿದ್ದೆ. ನಾ ಘಾಟಿ ಹತ್ತಿ ಬರೋ ಹೊತ್ಗೆ ನಿಮ್ಮ ದೊಡ್ಡವ್ವನ್ನ ಮಣ್ಣಿಗಿಟ್ಟು ಒಂಬತ್ತು ದಿನ ಆಗಿತ್ತು. ಇನ್ನೊಂದ್ಸಲ ಇಳ್ಸುದ್ರೆ ನಾ ಇದ್ಯಾವ್ದೂ ಬ್ಯಾಡ ಅಂತ ಕಾಡೊಳಕ್ಕೆ ಹೊಂಟೋಯ್ತೀನಿ. ಹೇಳಾಕಿಲ್ಲ ಅನ್ನು.”

“ಹೇಳಾಕಿಲ್ಲ,” ಎಂದಳು ಸೀತ. ಮಾತಾಡದೆ ಇರುವುದು ಅವಳಿಗೆ ಕಷ್ಟದ ಕೆಲಸವಲ್ಲ ಎಂದುಕೊಂಡಳು.

ಆಮೇಲೆ ಮನೆಯಲ್ಲಿ ಮಾತೇ ಇರಲಿಲ್ಲ. ಒಲೆಯ ಮುಂದೆ ಕೂತು ಅವನು ಕೈಸನ್ನೆಯಲ್ಲಿ ನೀರು ಕೇಳುತ್ತಿದ್ದ, ಅವಳು ಕೊಡುತ್ತಿದ್ದಳು. ಅವನ ಹರಟೆಗೆ ತಾನು ಎಷ್ಟು ಒರಗಿಕೊಂಡಿದ್ದೆ ಎಂಬುದು ಅವಳಿಗೆ ಆ ದಿನಗಳಲ್ಲೇ ತಿಳಿದದ್ದು.

ಹತ್ತೊಂಬತ್ತನೆಯ ಕರೆಂಟು ಒಂದು ಬುಧವಾರ. ಮುಗಿಸಿ ಹೊರಬಂದವನ ಕೈ ಹಿಡಿದಾಗ ಅರವತ್ತೈದು. ಯಾವತ್ತೂ ಇಲ್ಲದ ಅಂಕಿ ಅದು. ಇಳಿಜಾರಿನಲ್ಲಿ ಅವನು ಮೂರು ಕಡೆ ಕಂಬಿ ಹಿಡಿದು ನಿಂತ. ಬೆಂಚಿನ ಮೇಲೆ ಏದುಸಿರು ಬಿಡುತ್ತ ಕೈ ಚಾಚಿದ. ಮತ್ತೆ ಅರವತ್ತೈದು. ಇನ್ನೊಮ್ಮೆ ಎಣಿಸಿದಳು. ಬೆರಳಿನಡಿ ನಾಡಿ ಹೆಚ್ಚೂ ಇಲ್ಲದೆ ಕಡಿಮೆಯೂ ಇಲ್ಲದೆ, ಗೋಡೆ ಗಡಿಯಾರದ ಹಾಗೆ, ಆ ಮನುಷ್ಯ ಹತ್ತಿ ಬಂದದ್ದು ತನಗೆ ಸಂಬಂಧವೇ ಇಲ್ಲದ ಹಾಗೆ ಹೊಡೆಯುತ್ತಿತ್ತು. ಜೋಗಿ ಅವಳ ಮುಖ ನೋಡಿದ. ತುಟಿಯ ಮೇಲೆ ಬೆರಳಿಟ್ಟುಕೊಂಡ.

ಮನೆಗೆ ಹೋಗಿ ಮಲಗಿದಾಗ ಅರವತ್ತೈದು. ಬೆಳಿಗ್ಗೆ ಹಾಡಿಯಿಂದ ರಸ್ತೆಗೆ ನಡೆದು ಬಂದಾಗ ಅರವತ್ತೈದು. ಬಸ್ಸಿಗೆ ಕಾಯುವಾಗ ಅವನ ಕಣ್ಣು ಒಂದು ಗಳಿಗೆ ಮೇಲಕ್ಕೆ ಹೊರಳಿತು. ಸೀತ ರಟ್ಟೆ ಹಿಡಿದುಕೊಂಡಳು. ಅವನು ಕೊಸರಿಕೊಂಡ.

ಕರೆಂಟಿನ ಕೋಣೆಯ ಹೊರಗೆ ರತೀಶ್ ಹೆಸರು ಕೂಗುತ್ತಿದ್ದ. ಯಂತ್ರ ನಡೆಸುವವನು, ಕಾಯುವವರನ್ನೆಲ್ಲ ನಗಿಸುವವನು, ಹಾಡಿಯ ಹಿರಿಯರನ್ನು ಮೂಪ್ಪ ಎಂದು ಕರೆಯುವವನು. ಸೀತ ಅವನ ಮೇಜಿನ ಮುಂದೆ ಹೋಗಿ ನಿಂತಳು. ಶಾಲೆ ಬಿಟ್ಟ ಮೇಲೆ ಹೊರಗಿನವರ ಹತ್ತಿರ ಅವಳು ಮಲಯಾಳದಲ್ಲಿ ಒಂದು ಪೂರ್ತಿ ಮಾತು ಆಡಿರಲಿಲ್ಲ.

“ನಾಡಿ ಅರವತ್ತೈದು,” ಎಂದಳು.

“ಯಾರದು, ಮೂಪ್ಪನದಾ? ನನಗಿಂತ ವಾಸಿ ಮಗಳೇ! ನಂದು ತೊಂಬತ್ತು. ಹೆಂಡ್ತಿ ಫೋನು ಬಂದ್ರೆ ನೂರಹತ್ತು.”

ಬೆಂಚಿನ ಮೇಲಿದ್ದವರು ನಕ್ಕರು. ಹಾಸ್ಟೆಲಿನ ನಗು ನೆನಪಾಗಿ ಸೀತಳ ಕಿವಿ ಬಿಸಿಯಾಯಿತು. ಎರಡು ಹೆಜ್ಜೆ ಹಿಂದೆ ಹೋದಳು. ಅಲ್ಲಿಂದ ಜೋಗಿ ಕಾಣುತ್ತಿದ್ದ. ಗೋಡೆಗೆ ಒರಗಿ, ಬಾಯಿ ಅರ್ಧ ತೆರೆದು, ಅವಳತ್ತ ಬೇಡ ಬೇಡ ಎಂದು ತಲೆ ಆಡಿಸುತ್ತಿದ್ದ.

ಅವಳು ಮೇಜಿಗೆ ಮರಳಿ ಪುಸ್ತಕ ಬಿಚ್ಚಿಟ್ಟಳು.

“ಹತ್ತಿದರೂ ಅರವತ್ತೈದೇ ಸಾರ್. ಮಲಗಿದರೂ ಅದೇ. ಮೊದಲು ಹೀಗಿರಲಿಲ್ಲ.”

“ಸೋಮವಾರ ಕಂಪನಿಯವನು ಬರ್ತಾನಲ್ಲ, ತೋರಿಸು.”

“ಸೋಮವಾರ ದೂರ,” ಎಂದಳು. ಪುಸ್ತಕವನ್ನು ಅವನತ್ತ ತಳ್ಳಿದಳು. “ಇವತ್ತು ಗುರುವಾರ.”

ರತೀಶ್ ಪುಸ್ತಕ ನೋಡಿದ. ಒಂದು ಹಾಳೆ ತಿರುವಿದ, ಇನ್ನೊಂದು ತಿರುವಿದ. ಎದ್ದು ಬೆರಳಿಗೆ ಹಾಕುವ ಕ್ಲಿಪ್ಪು ತಂದು ಜೋಗಿಯ ಬೆರಳಿಗೆ ಸಿಕ್ಕಿಸಿದ. ಕ್ಲಿಪ್ಪಿನ ಮೇಲೆ ಕೆಂಪು ಅಂಕಿ ಮೂಡಿತು: ಅರವತ್ತೈದು.

ಜೋಗಿ ಎದ್ದ. ಸೀತಳನ್ನು ಒಮ್ಮೆ ನೋಡಿದ. ಅಂಥ ನೋಟವನ್ನು ಅವಳು ಅವನಲ್ಲಿ ಕಂಡಿರಲಿಲ್ಲ. ಕ್ಲಿಪ್ಪು ಕಿತ್ತೆಸೆಯುವುದನ್ನೂ ಮರೆತು ಬಾಗಿಲು ದಾಟಿ ಇಳಿಜಾರು ಹತ್ತತೊಡಗಿದ. ಮನೆಗಲ್ಲ, ಹೇಳಿದ್ದಂತೆ ಕಾಡಿಗೆ ಹೊರಟಿದ್ದ.

“ಮೂಪ್ಪಾ, ನಿಲ್ಲಿ! ಕ್ಲಿಪ್ಪು!” ರತೀಶ್ ಹಿಂದೆ ಓಡಿದ. ಸೀತ ಅವನ ಹಿಂದೆ. ಅರ್ಧ ದಾರಿಯಲ್ಲಿ ಜೋಗಿ ಕಂಬಿಗೆ ಜೋತುಬಿದ್ದ. ತುಟಿ ಕಪ್ಪಿಟ್ಟಿತ್ತು, ಎದೆ ತಿದಿಯ ಹಾಗೆ ಏಳುತ್ತಿತ್ತು, ಕಣ್ಣಲ್ಲಿ ಸಿಟ್ಟಿತ್ತು. ರತೀಶ್ ಅವನ ಬೆರಳನ್ನು ಹಿಡಿದು ಬಾಗಿ ನೋಡಿದ. ಅವನ ಮುಖದ ನಗೆ ಇಳಿದುಹೋಯಿತು.

“ಅರವತ್ತೈದು,” ಎಂದು ಮೆಲ್ಲಗೆ ಹೇಳಿ, ಕೆಳಗೆ ತಿರುಗಿ ಕೂಗಿದ: “ಗಾಲಿಕುರ್ಚಿ ತನ್ನಿ! ಡಾಕ್ಟರನ್ನ ಕರೀರಿ!”

ಅವತ್ತು ಕರೆಂಟು ಕೊಡಲಿಲ್ಲ. ಜೋಗಿಯನ್ನು ವಾರ್ಡಿನಲ್ಲಿ ಮಲಗಿಸಿ ಎದೆಗೆ ವೈರು ಅಂಟಿಸಿದರು. ಡಾಕ್ಟರ್ ಫೋನು ಮಾಡಿದರು. ಮರುದಿನ ಮಧ್ಯಾಹ್ನ ಕಂಪನಿಯ ಸಜೀವನ್ ಕಲ್ಲಿಕೋಟೆಯಿಂದ ಘಾಟಿ ಹತ್ತಿ ತಾನೇ ಬಂದ. ಜೋಗಿ ಇಳಿಯಬೇಕಾಗಲಿಲ್ಲ. ಸಜೀವನ್ ಒಂದು ಬಿಲ್ಲೆಯನ್ನು ಉಬ್ಬಿನ ಮೇಲಿಟ್ಟು ಪೆಟ್ಟಿಗೆಯ ಪರದೆ ನೋಡಿ ನಾಲಿಗೆ ಕಚ್ಚಿಕೊಂಡ.

“ಕಿರಣ ತಗುಲಿ ಪೇಸ್‌ಮೇಕರಿಗೆ ಇವರ ನೆನಪೇ ಹೋಗಿದೆ,” ಎಂದು ಡಾಕ್ಟರ್ ಸೀತಳಿಗೆ ತಿಳಿಯುವ ಹಾಗೆ ಹೇಳಿದರು. “ಇವರಿಗೆಂದು ಹೇಳಿಕೊಟ್ಟದ್ದೆಲ್ಲ ಅಳಿಸಿ, ಕಂಪನಿಯಿಂದ ಹೊರಟ ದಿನ ಹೇಗಿತ್ತೋ ಹಾಗೆ ಹೊಡೀತಿದೆ. ಮಲಗಿದ್ದಾರಾ, ಹತ್ತುತ್ತಿದ್ದಾರಾ, ಅದಕ್ಕೆ ಗೊತ್ತಿಲ್ಲ. ಇದರ ಮೇಲೇ ಇನ್ನೂ ಕರೆಂಟು ಕೊಟ್ಟಿದ್ದರೆ ಏನಾಗ್ತಿತ್ತೋ.”

ಸಜೀವನ್ ಸ್ವಲ್ಪ ಹೊತ್ತಿನಲ್ಲೇ ಅದಕ್ಕೆ ಎಲ್ಲವನ್ನೂ ಮತ್ತೆ ಹೇಳಿಕೊಟ್ಟ. ಸೋಮವಾರದಿಂದ ಮುಂದುವರಿಸೋಣ, ಇನ್ನು ದಿನಾ ಪರೀಕ್ಷೆ ಮಾಡುತ್ತೇವೆ ಎಂದರು ಡಾಕ್ಟರ್. ಜೋಗಿ ಗೋಡೆಯ ಕಡೆ ತಿರುಗಿ ಮಲಗಿದ್ದ. ಸೀತ ಕೈ ಹಿಡಿಯಹೋದಾಗ ಅದನ್ನು ಹೊದಿಕೆಯೊಳಗೆ ಎಳೆದುಕೊಂಡ.

ಮನೆಗೆ ಮರಳಿದ ಮೇಲೆ ಶನಿವಾರ, ಭಾನುವಾರ ಗಂಜಿಯ ಬಟ್ಟಲನ್ನು ಅವಳು ಹೊಸಿಲ ಮೇಲಿಟ್ಟು ಸರಿದಾಗ ಮಾತ್ರ ತೆಗೆದುಕೊಂಡ. ನೀರನ್ನು ತಾನೇ ಎದ್ದು ಬಗ್ಗಿಸಿಕೊಂಡ. ಸನ್ನೆಯೂ ನಿಂತುಹೋಯಿತು. ಸೋಮವಾರ ಅವನು ಬರುತ್ತಾನೋ ಕಾಡಿಗೆ ಹೋಗುತ್ತಾನೋ ಕೇಳುವ ಧೈರ್ಯ ಅವಳಿಗಿರಲಿಲ್ಲ. ಬೆಳಿಗ್ಗೆ ಎದ್ದಾಗ ಚಾಪೆ ಖಾಲಿಯಿತ್ತು. ಚೀಲ ಹೆಗಲಿಗೇರಿಸಿ ಒಬ್ಬಳೇ ರಸ್ತೆಗೆ ನಡೆದಳು. ಆನೆಬೇಲಿಯ ತಿರುವು ದಾಟಿದಾಗ ಬಸ್ಸು ನಿಲ್ಲುವ ಮತ್ತಿಮರದ ಕೆಳಗೆ, ಅವಳತ್ತ ಬೆನ್ನು ಮಾಡಿ ಅವನು ನಿಂತಿದ್ದ. ಬಸ್ಸಿನಲ್ಲಿ ಮುಂದೆ ಹೋಗಿ ಕೂತ. ಅವಳು ಹಿಂದೆ ಕೂತಳು.

ಅವನಿಗೆ ಬಲೆ ಬಿಗಿದು, ಎಲ್ಲರೂ ಹೊರಬಂದು, ದಪ್ಪ ಬಾಗಿಲು ಮುಚ್ಚಿದರು. ರತೀಶ್ ಅವತ್ತು ಯಾರನ್ನೂ ನಗಿಸಲಿಲ್ಲ, ಪರದೆಯ ಮೇಲಿಂದ ಕಣ್ಣು ತೆಗೆಯಲಿಲ್ಲ. ಕೆಲಸವಿಲ್ಲದೆ ಕೂತ ಸೀತಳ ಎರಡು ಬೆರಳು ತನ್ನದೇ ಮಣಿಕಟ್ಟಿಗೆ ಹೋದವು. ಅಲ್ಲಿ ನಾಡಿ ಎದ್ದುಬಿದ್ದು ಓಡುತ್ತಿತ್ತು. ಅದನ್ನು ಯಾರೂ ಇಲ್ಲಿಯವರೆಗೆ ಎಣಿಸಿರಲಿಲ್ಲ. ಅವಳೂ ಎಣಿಸದೆ ಬೆರಳು ತೆಗೆದಳು.

ಜೋಗಿ ಹೊರಬಂದ, ಪರೀಕ್ಷೆ ಮುಗಿಸಿದ, ಅವಳನ್ನು ದಾಟಿ ಹೋದ. ಇಳಿಜಾರಿನ ಬುಡದಲ್ಲಿ ಮುಂಡು ಎತ್ತಿ ಕಟ್ಟಿಕೊಂಡು ಹತ್ತತೊಡಗಿದ. ಕಂಬಿ ಮುಟ್ಟಲಿಲ್ಲ. ನಡುವೆ ನಿಲ್ಲಲಿಲ್ಲ. ಗೇಟಿನ ಬಳಿಯ ಕಲ್ಲುಬೆಂಚಿನಲ್ಲಿ ಕೂರಲಿಲ್ಲ, ಕೈ ಚಾಚಲಿಲ್ಲ, ತಿರುಗಿ ನೋಡದೆ ರಸ್ತೆಗೆ ಇಳಿದ.

ಸೀತ ಬೆಂಚಿನಲ್ಲಿ ಕೂತು ಪುಸ್ತಕ ಬಿಚ್ಚಿದಳು. ಇಪ್ಪತ್ತನೆಯ ಕರೆಂಟು ಎಂದು ಬರೆದಳು. ಅದರ ಮುಂದೆ ಹಾಕಲು ಅಂಕಿಯಿರಲಿಲ್ಲ. ಅಲ್ಲಿ, ಶಾಲೆಯಲ್ಲಿ ಕಲಿತ ಮಲಯಾಳದ ಅಕ್ಷರದಲ್ಲಿ ತಮ್ಮ ಹಾಡಿಯ ಮಾತನ್ನು ಬರೆದಳು: ನಿಲ್ದೆ ಹತ್ದ.